ನುಡಿ, ಬರಹ ಕಾಲದ ಕನ್ನಡ ಕಡತಗಳನ್ನು ಲಿನಕ್ಸ್‌ನಲ್ಲಿ ಯೂನಿಕೋಡ್‌ಗೆ ತರುವ ಬಗೆ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದ ಮೇಲೆ, ಇನ್ನೂ ಗಟ್ಟಿಮುಟ್ಟಾಗಿರುವ ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕಲು ಮನಸ್ಸಾಗದೆ ಅದಕ್ಕೆ ಲಿನಕ್ಸ್ ಬಗೆಯ ಮುಕ್ತ ಕಾರ್ಯವ್ಯವಸ್ಥೆಗಳಾದ ಉಬುಂಟುವನ್ನೋ ಲಿನಕ್ಸ್ ಮಿಂಟನ್ನೋ ಹಾಕಿಕೊಂಡವರು ಹಲವರಿದ್ದಾರೆ. ಬ್ರೌಸರ್, ಮಿಂಚಂಚೆ, ವಿಡಿಯೋ ಎಲ್ಲವೂ ಮೊದಲ ದಿನವೇ ಸರಿಯಾಗಿ ನಡೆಯುತ್ತವೆ. ತೊಡಕು ಎದುರಾಗುವುದು ಇಪ್ಪತ್ತು ವರ್ಷಗಳ ಹಿಂದೆ ‘ನುಡಿ’ ಅಥವಾ ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ಕಡತವೊಂದನ್ನು ತೆರೆದಾಗ. ಕಥೆ, ಪ್ರಬಂಧ, ಸಂಘದ ನಡಾವಳಿ, ಮದುವೆಯ ಕರೆಯೋಲೆ ಏನೇ ಇರಲಿ, ಪರದೆಯ ಮೇಲೆ ಕಾಣುವುದು ತಲೆಯ ಮೇಲೆ ಗೆರೆ ಹೊತ್ತ ರೋಮನ್ ಅಕ್ಷರಗಳ ಸಾಲು ಮಾತ್ರ. ಲಿನಕ್ಸ್‌ಗೆ ಕನ್ನಡ ಬರುವುದಿಲ್ಲ ಎಂದು ಕೈಬಿಡುವವರು ಹೆಚ್ಚಾಗಿ ಈ ಘಟ್ಟದಲ್ಲೇ ಕೈಬಿಡುತ್ತಾರೆ. ತಪ್ಪು ಲಿನಕ್ಸ್‌ನದಲ್ಲ. ಆ ಕಡತದಲ್ಲಿ ಕನ್ನಡವೆಂಬುದು ಎಂದೂ ಇರಲಿಲ್ಲ. ಇದ್ದದ್ದು ಕನ್ನಡದ ಚಿತ್ರ ಮಾತ್ರ.

ಇದನ್ನು ಒಂದು ಉದಾಹರಣೆಯಿಂದ ನೋಡುವುದು ಒಳ್ಳೆಯದು, ಏಕೆಂದರೆ ಮುಂದಿನ ಕೆಲಸವೆಲ್ಲ ಇದರ ಮೇಲೆಯೇ ನಿಂತಿದೆ. ಹಳೆಯ ನುಡಿ ಫಾಂಟಿನಲ್ಲಿ ‘ಕನ್ನಡ’ ಎಂದು ಬರೆದ ಪದವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಮೊದಲು ದೊಡ್ಡಕ್ಷರದ ಪಿ, ಅದರ ಬೆನ್ನಿಗೆ ತಲೆಯ ಮೇಲೆ ಓರೆಗೆರೆಯಿರುವ ಎ, ಆಮೇಲೆ ಬ್ರಿಟಿಷ್ ಪೌಂಡಿನ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ ಭಾಷೆಯ ಜೋಡಿ ಎಸ್, ಚಿಕ್ಕ ಕ್ಯೂ, ಕೊನೆಗೆ ಮತ್ತೊಮ್ಮೆ ಓರೆಗೆರೆಯ ಎ ಕಾಣುತ್ತವೆ. ಒಟ್ಟು ಏಳು ಚಿಹ್ನೆಗಳು. ಪಿ ಇದ್ದ ಕಡೆ ನುಡಿ ಫಾಂಟ್ ತಲೆಕಟ್ಟಿಲ್ಲದ ಕಕಾರದ ಮೈಯನ್ನು ಬರೆಯುತ್ತದೆ, ಓರೆಗೆರೆಯ ಎ ಇದ್ದ ಕಡೆ ತಲೆಕಟ್ಟನ್ನು ಬರೆಯುತ್ತದೆ, ಜೋಡಿ ಎಸ್ ಇದ್ದ ಕಡೆ ನಕಾರದ ಒತ್ತನ್ನು ಇಡುತ್ತದೆ. ಅಚ್ಚಿನ ಮೊಳೆಗಳನ್ನು ಜೋಡಿಸಿದ ಹಾಗೆ ತುಂಡುಗಳನ್ನು ಜೋಡಿಸಿ ಕಣ್ಣಿಗೆ ಕನ್ನಡವಾಗಿ ಕಾಣುವಂತೆ ಮಾಡುವ ಉಪಾಯ ಇದು. ಒಂದು ಫಾಂಟಿನಲ್ಲಿ ಇದ್ದದ್ದೇ 256 ಮನೆಗಳು, ಒತ್ತಕ್ಷರಗಳನ್ನು ತಾನಾಗಿ ಕೂಡಿಸುವ ವ್ಯವಸ್ಥೆ ಕಂಪ್ಯೂಟರಿನಲ್ಲಿ ಇರಲಿಲ್ಲ. ಆ ಕಾಲಕ್ಕೆ ಇದು ಜಾಣತನದ ಪರಿಹಾರವೇ ಆಗಿತ್ತು.

ಯೂನಿಕೋಡ್‌ನಲ್ಲಿ, ಅಂದರೆ ಎಲ್ಲ ಲಿಪಿಗಳ ಒಂದೊಂದು ಅಕ್ಷರಕ್ಕೂ ತನ್ನದೇ ಸಂಖ್ಯೆ ಕೊಡುವ ವ್ಯವಸ್ಥೆಯಲ್ಲಿ, ಅದೇ ಪದ ಐದು ಸಂಕೇತಗಳಾಗಿ ಉಳಿಯುತ್ತದೆ: ಕ, ನ, ಹಲಂತದ ಚಿಹ್ನೆ, ನ, ಡ. ಎರಡನೆಯ ನಕಾರವನ್ನು ಒತ್ತಾಗಿ ಕೆಳಗಿಳಿಸುವ ಕೆಲಸ ಕಡತದ್ದಲ್ಲ, ಅಕ್ಷರಗಳನ್ನು ಜೋಡಿಸುವ ಯಂತ್ರದ್ದು. ಲಿನಕ್ಸ್‌ನಲ್ಲಿ ಆ ಯಂತ್ರದ ಹೆಸರು ಹಾರ್ಫ್‌ಬಜ್. ಫೈರ್‌ಫಾಕ್ಸ್, ಕ್ರೋಮ್, ಉಬುಂಟುವಿನ ಪರದೆಯ ಪರಿಸರವಾದ ಗ್ನೋಮ್, ವರ್ಡ್‌ನಂಥ ಮುಕ್ತ ಕಚೇರಿ ತಂತ್ರಾಂಶವಾದ ಲಿಬ್ರೆಆಫೀಸ್ ಎಲ್ಲವೂ ಅದನ್ನೇ ಬಳಸುವುದರಿಂದ ಕನ್ನಡ ಒಂದೆಡೆ ಸರಿ, ಇನ್ನೊಂದೆಡೆ ಮುರುಕು ಎನ್ನುವ ಹಳೆಯ ಕಾಟ ಈಗ ಬಹುಮಟ್ಟಿಗೆ ತಪ್ಪಿದೆ.

ಹಾಗಾದರೆ ನುಡಿಯ ಹಳೆಯ ಫಾಂಟನ್ನೇ ಲಿನಕ್ಸ್‌ಗೆ ಹಾಕಿಕೊಂಡರೆ ಸಾಲದೇ ಎಂಬ ಪ್ರಶ್ನೆ ಸಹಜ. ಹಾಕಿಕೊಳ್ಳಬಹುದು, ಕಡತ ಓದಲೂ ಬರುತ್ತದೆ. ಆದರೆ ಆಗಲೂ ಅದರಲ್ಲಿ ‘ಕನ್ನಡ’ ಎಂದು ಹುಡುಕಿದರೆ ಸಿಗುವುದಿಲ್ಲ, ಅಕಾರಾದಿಯಾಗಿ ಜೋಡಿಸಲು ಬರುವುದಿಲ್ಲ, ಮೊಬೈಲಿಗೆ ಕಳುಹಿಸಿದರೆ ಅತ್ತಲವರಿಗೆ ಮತ್ತೆ ಪೌಂಡಿನ ಚಿಹ್ನೆಯೇ ಕಾಣುತ್ತದೆ. ಆದ್ದರಿಂದ ಹಳೆಯ ಫಾಂಟನ್ನು ಮೂಲದೊಂದಿಗೆ ಹೋಲಿಸಿ ನೋಡುವುದಕ್ಕಷ್ಟೇ ಇಟ್ಟುಕೊಂಡು, ಪಠ್ಯವನ್ನು ಒಮ್ಮೆಗೇ ಯೂನಿಕೋಡ್‌ಗೆ ತರುವುದು ಸರಿಯಾದ ದಾರಿ ಎಂಬುದು ನನ್ನ ಅಭಿಪ್ರಾಯ. ಫಾಂಟ್ ಕಡತದ ಮೇಲೆ ಎರಡು ಬಾರಿ ಕ್ಲಿಕ್ ಮಾಡಿ, ತೆರೆದುಕೊಳ್ಳುವ ಕಿಟಕಿಯಲ್ಲಿ ಇನ್‌ಸ್ಟಾಲ್ ಗುಂಡಿಯನ್ನು ಒತ್ತಿದರೆ ಅದು ನಿಮ್ಮ ಖಾತೆಗೆ ಸೇರಿಕೊಳ್ಳುತ್ತದೆ.

ಮೊದಲು ಕೀಲಿಮಣೆ

ಪರಿವರ್ತನೆಯ ನಂತರ ಕೈಯಿಂದ ತಿದ್ದುವುದು ಇದ್ದೇ ಇರುತ್ತದೆ; ಹಾಗಾಗಿ ಕನ್ನಡ ಟೈಪ್ ಮಾಡುವ ವ್ಯವಸ್ಥೆಯನ್ನು ಮೊದಲೇ ಸಿದ್ಧಪಡಿಸಿಕೊಳ್ಳಬೇಕು. ಇಲ್ಲಿ ನಾನು ಉಬುಂಟುವಿನ ಗ್ನೋಮ್ ಪರಿಸರವನ್ನು ಮುಂದಿಟ್ಟುಕೊಂಡು ಬರೆಯುತ್ತಿದ್ದೇನೆ. ತಂತ್ರಾಂಶಗಳ ಹೆಸರುಗಳನ್ನು ಕನ್ನಡ ಲಿಪಿಯಲ್ಲಿ ಕೊಟ್ಟಿದ್ದರೂ ಹುಡುಕುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.

ಸಿನಾಪ್ಟಿಕ್ ಎಂಬ ತಂತ್ರಾಂಶ ನಿರ್ವಾಹಕವನ್ನು ಹಾಕಿಕೊಂಡು, ಅದರಲ್ಲಿ ಐಬಸ್-ಎಂ17ಎನ್ ಎಂಬ ಪ್ಯಾಕೇಜನ್ನು ಹುಡುಕಿ ಗುರುತು ಹಾಕಿ ಸ್ಥಾಪಿಸಿ. ಹೆಸರು ವಿಚಿತ್ರವಾಗಿ ಕಂಡರೂ ಅದರ ಹಿಂದೆ ಒಂದು ಲೆಕ್ಕವಿದೆ: ಬಹುಭಾಷೀಕರಣ ಎಂಬ ಅರ್ಥದ ಇಂಗ್ಲಿಷ್ ಪದದಲ್ಲಿ ಮೊದಲ ಎಂ ಮತ್ತು ಕೊನೆಯ ಎನ್ ನಡುವೆ ಇರುವ ಅಕ್ಷರಗಳು 17. ಜಪಾನಿನ ಸಂಶೋಧನಾ ಸಂಸ್ಥೆಯೊಂದರಲ್ಲಿ ಹುಟ್ಟಿದ ಈ ಗ್ರಂಥಾಲಯ ಭಾರತೀಯ ಭಾಷೆಗಳ ಕೀಲಿಮಣೆಗಳಿಗೆ ಇಂದಿಗೂ ಆಸರೆಯಾಗಿದೆ. ಸ್ಥಾಪಿಸಿದ ಮೇಲೆ ಒಮ್ಮೆ ಲಾಗ್ ಔಟ್ ಮಾಡಿ ಮರಳಿ ಒಳಬರಬೇಕು. ಈ ಹೆಜ್ಜೆಯನ್ನು ಬಿಟ್ಟು, ಪಟ್ಟಿಯಲ್ಲಿ ಕನ್ನಡ ಕಾಣಲಿಲ್ಲವೆಂದು ಮತ್ತೆ ಮತ್ತೆ ಸ್ಥಾಪಿಸುವವರು ಕಡಿಮೆಯಿಲ್ಲ.

ಅನಂತರ ಸೆಟ್ಟಿಂಗ್ಸ್ ತೆರೆದು, ಕೀಬೋರ್ಡ್ ವಿಭಾಗದಲ್ಲಿ ಇನ್‌ಪುಟ್ ಸೋರ್ಸಸ್ ಎಂಬುದರ ಕೆಳಗೆ ಕೂಡಿಸುವ ಗುರುತನ್ನು ಒತ್ತಿ ಕನ್ನಡವನ್ನು ಆರಿಸಿ. ಅಲ್ಲಿ ಒಂದಲ್ಲ, ಹಲವು ಕನ್ನಡಗಳು ಕಾಣುತ್ತವೆ, ಮತ್ತು ಗೊಂದಲ ಹುಟ್ಟುವುದೂ ಅಲ್ಲಿಯೇ. ಬರೀ ‘ಕನ್ನಡ’ ಎಂದಿರುವುದು ಇನ್‌ಸ್ಕ್ರಿಪ್ಟ್ ವಿನ್ಯಾಸ. ಎಲ್ಲ ಭಾರತೀಯ ಭಾಷೆಗಳಿಗೂ ಒಂದೇ ಕ್ರಮವಿರುವ, ಹೊಸದಾಗಿ ಕಲಿಯಬೇಕಾದ ಜೋಡಣೆ. ‘ಕಗಪ, ಫೊನೆಟಿಕ್’ ಎಂದಿರುವುದು ಕೆ.ಪಿ. ರಾವ್ ಅವರ ವಿನ್ಯಾಸದ ಸರಳ ರೂಪ. ‘ಕೆಜಿಪಿ, ಎಂ17ಎನ್’ ಎಂದಿರುವುದೂ ಅದೇ ವಿನ್ಯಾಸ, ಆದರೆ ಕೆಲಸ ಮಾಡುವ ರೀತಿ ಬೇರೆ. ಮೊದಲನೆಯದರಲ್ಲಿ ಒಂದು ಕೀಲಿ ಒತ್ತಿದರೆ ಒಂದು ಚಿಹ್ನೆ ಬರುತ್ತದೆ ಅಷ್ಟೆ. ಹಿಂದಿನ ಅಕ್ಷರ ಯಾವುದೆಂದು ಅದು ನೋಡುವುದಿಲ್ಲವಾದ್ದರಿಂದ ‘ಆ’ ಎಂಬ ಸ್ವರಕ್ಕೂ ಅದರ ಗುಣಿತದ ದೀರ್ಘಕ್ಕೂ ಬೇರೆ ಬೇರೆ ಒತ್ತು ಬೇಕಾಗುತ್ತದೆ. ಎರಡನೆಯದು ಹಿಂದಿನ ಅಕ್ಷರವನ್ನು ಗಮನಿಸಿ, ವ್ಯಂಜನದ ಮುಂದೆ ಸ್ವರ ಬಂದರೆ ತಾನಾಗಿ ಗುಣಿತಾಕ್ಷರವನ್ನು ಕೊಡುತ್ತದೆ. ನುಡಿಯಲ್ಲಿ ಕೈ ಪಳಗಿದವರು ಎರಡನೆಯದನ್ನೇ ಆರಿಸಿಕೊಳ್ಳಬೇಕು. ಬರಹದ ಅಭ್ಯಾಸದಲ್ಲಿ ಇಂಗ್ಲಿಷ್ ಕಾಗುಣಿತದಂತೆ ಟೈಪ್ ಮಾಡುವವರಿಗೆ ಅದೇ ಪಟ್ಟಿಯ ಐಟ್ರಾನ್ಸ್ ಎಂಬ ವಿನ್ಯಾಸ ಹತ್ತಿರವಾದೀತು.

ಇಂಗ್ಲಿಷಿನಿಂದ ಕನ್ನಡಕ್ಕೆ ದಾಟಲು ಸೂಪರ್ ಕೀಲಿ, ಅಂದರೆ ವಿಂಡೋಸ್ ಗುರುತಿರುವ ಕೀಲಿಯನ್ನು ಹಿಡಿದು ಸ್ಪೇಸ್ ಒತ್ತಿ. ಪರೀಕ್ಷೆಗೆ ಕೆ, ಎನ್, ಎಫ್, ಎನ್, ಡಬ್ಲ್ಯು ಕೀಲಿಗಳನ್ನು ಒತ್ತಿ ನೋಡಿ, ‘ಕನ್ನಡ’ ಬರಬೇಕು. ಇಲ್ಲಿ ಎಫ್ ಎಂಬುದು ಒತ್ತಕ್ಷರ ಕೊಡುವ ಕೀಲಿ. ಕ್ಯೂ ಒತ್ತಿದರೆ ಟ, ಶಿಫ್ಟ್ ಜತೆಗೆ ಎನ್ ಒತ್ತಿದರೆ ಣ, ಶಿಫ್ಟ್ ಜತೆಗೆ ಎಲ್ ಒತ್ತಿದರೆ ಳ, ಎಕ್ಸ್ ಒತ್ತಿದರೆ ಷ. ಕೆಡಿಇ ಪರಿಸರವನ್ನು ವೇಲ್ಯಾಂಡ್ ಮೇಲೆ ಬಳಸುವವರು ಐಬಸ್ ಬದಲಿಗೆ ಎಫ್‌ಸಿಐಟಿಎಕ್ಸ್ 5 ಮತ್ತು ಅದರ ಎಂ17ಎನ್ ಜೋಡಣೆಯನ್ನು ಹಾಕಿಕೊಂಡು, ಸಿಸ್ಟಂ ಸೆಟ್ಟಿಂಗ್ಸ್‌ನ ವರ್ಚುವಲ್ ಕೀಬೋರ್ಡ್ ಪುಟದಲ್ಲಿ ಅದನ್ನು ಆರಿಸಿದರೆ ತೊಂದರೆ ಕಡಿಮೆ.

ಕಣ್ಣಿಗೆ ಕಾಣದ ಎರಡು ಚಿಹ್ನೆಗಳನ್ನು ಈಗಲೇ ಪರಿಚಯಿಸಿಕೊಳ್ಳುವುದು ಮೇಲು, ಏಕೆಂದರೆ ಹಳೆಯ ಕಡತಗಳನ್ನು ತಿದ್ದುವಾಗ ಇವು ಪದೇ ಪದೇ ಬೇಕಾಗುತ್ತವೆ. ‘ಲಿನಕ್ಸ್‌ನಲ್ಲಿ’ ಎಂದು ಬರೆಯಲು ಸಕಾರದ ಹಲಂತದ ಮುಂದೆ ಕೂಡದಂತೆ ತಡೆಯುವ ಚಿಹ್ನೆಯೊಂದು ಇರಬೇಕು. ಇಲ್ಲವಾದರೆ ‘ಲಿನಕ್ಸ್ನಲ್ಲಿ’ ಎಂದು ನಕಾರ ಕೆಳಗೆ ಒತ್ತಾಗಿ ನೇತಾಡುತ್ತದೆ. ಲಿಬ್ರೆಆಫೀಸ್‌ನಲ್ಲಿ ಆ ಜಾಗದಲ್ಲಿ ಯು, ಕೂಡಿಸುವ ಗುರುತು, 200, ಸಿ ಎಂಬಿಷ್ಟನ್ನು ಇಂಗ್ಲಿಷಿನಲ್ಲಿ ಒಂದಕ್ಕೊಂದು ಅಂಟಿಸಿ ಬರೆದು ಆಲ್ಟ್ ಹಿಡಿದು ಎಕ್ಸ್ ಒತ್ತಿದರೆ ಬರೆದದ್ದು ಮಾಯವಾಗಿ ಚಿಹ್ನೆ ಕೂರುತ್ತದೆ. ಅರ್ಕಾವತ್ತಿಗೆ ಇದರ ತದ್ವಿರುದ್ಧದ ಸಮಸ್ಯೆಯಿದೆ. ‘ಸೂರ್ಯ’ ಎಂಬಲ್ಲಿ ರಕಾರ ಅರ್ಕಾವತ್ತಾಗಬೇಕು, ‘ರ‍್ಯಾಂಕ್’ ಎಂಬಲ್ಲಿ ಆಗಬಾರದು. ಎರಡನೆಯ ರೂಪ ಬೇಕಾದಾಗ ರಕಾರಕ್ಕೂ ಹಲಂತಕ್ಕೂ ನಡುವೆ, ಹಲಂತದ ಆಚೆಗಲ್ಲ, ಕೂಡಿಸುವ ಚಿಹ್ನೆಯನ್ನು ಇಡಬೇಕು. ಅದರ ಸಂಕೇತ 200ರ ಮುಂದೆ ಡಿ.

ಫಾಂಟ್ ಮತ್ತು ಲಿಬ್ರೆಆಫೀಸ್

ಫಾಂಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಉಬುಂಟು, ಮಿಂಟ್ ಎರಡರಲ್ಲೂ ಕನ್ನಡ ತೋರಿಸಬಲ್ಲ ಒಂದು ಫಾಂಟ್ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಲೋಹಿತ್ ಕನ್ನಡ ಪರದೆಗೆ ಸಾಕು, ಪುಸ್ತಕದಂಥ ಪಠ್ಯಕ್ಕೆ ನೋಟೊ ಸೆರಿಫ್ ಕನ್ನಡ ಚೆನ್ನ, ಅರವಿಂದ ವಿ.ಕೆ. ಅವರು ರೂಪಿಸಿದ ಗುಬ್ಬಿ ಮತ್ತು ನವಿಲು ಎಂಬ ಮುಕ್ತ ಫಾಂಟ್‌ಗಳು ಉಬುಂಟುವಿಗೆ ಮೂಲವಾದ ಡೆಬಿಯನ್‌ನ ತಂತ್ರಾಂಶ ಭಂಡಾರದಲ್ಲೇ ಇರುವುದರಿಂದ ಸಿನಾಪ್ಟಿಕ್ ಮೂಲಕ ನೇರವಾಗಿ ಸಿಗುತ್ತವೆ. ಶೀರ್ಷಿಕೆಗಳಿಗೆ ಬಾಲೂ ತಮ್ಮ ಬಳಸಿ ನೋಡಬಹುದು.

ಲಿಬ್ರೆಆಫೀಸ್‌ನಲ್ಲಿ ಮಾತ್ರ ಒಂದು ಸೂಕ್ಷ್ಮವಿದೆ. ಅದು ಲಿಪಿಗಳನ್ನು ಮೂರು ಪಂಗಡಗಳಾಗಿ ವಿಂಗಡಿಸಿ ಒಂದೊಂದಕ್ಕೂ ಪ್ರತ್ಯೇಕ ಫಾಂಟನ್ನು ನೆನಪಿಟ್ಟುಕೊಳ್ಳುತ್ತದೆ: ಪಾಶ್ಚಾತ್ಯ ಲಿಪಿಗಳು, ಚೀನಾ ಜಪಾನ್ ಕೊರಿಯಾದ ಲಿಪಿಗಳು, ಮತ್ತು ಸಂಕೀರ್ಣ ಜೋಡಣೆಯ ಲಿಪಿಗಳು. ಕನ್ನಡ ಮೂರನೆಯ ಪಂಗಡಕ್ಕೆ ಸೇರಿದೆ. ಇದು ತಿಳಿಯದವರು ಶೈಲಿಯಲ್ಲಿ ಮೇಲಿನ ಫಾಂಟನ್ನು ಬದಲಿಸಿ, ಕನ್ನಡ ಮಾತ್ರ ಅಲುಗಾಡದೆ ಇರುವುದನ್ನು ಕಂಡು ಕಂಗೆಡುತ್ತಾರೆ. ಟೂಲ್ಸ್ ಪಟ್ಟಿಯಿಂದ ಆಪ್ಷನ್ಸ್ ತೆರೆದು, ಭಾಷೆಗಳ ವಿಭಾಗಕ್ಕೆ ಹೋಗಿ, ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ ಎಂಬುದರ ಮುಂದೆ ಗುರುತು ಹಾಕಿ ಕನ್ನಡವನ್ನು ಆರಿಸಿ. ಆಗ ರೈಟರ್‌ನ ಆಯ್ಕೆಗಳಲ್ಲಿ ಸಂಕೀರ್ಣ ಲಿಪಿಗಳ ಮೂಲ ಫಾಂಟುಗಳಿಗೆಂದೇ ಹೊಸ ಪುಟವೊಂದು ಕಾಣಿಸಿಕೊಳ್ಳುತ್ತದೆ. ಅಲ್ಲಿ ನಿಮಗೆ ಬೇಕಾದ ಫಾಂಟನ್ನೂ ಗಾತ್ರವನ್ನೂ ಇಡಿ. ನುಡಿಯ ಹಳೆಯ ಪಠ್ಯ ಪರದೆಯ ಮೇಲೆ ಕನ್ನಡವಾಗಿ ಕಂಡರೂ ಲಿಬ್ರೆಆಫೀಸ್ ಲೆಕ್ಕದಲ್ಲಿ ಅದು ಪಾಶ್ಚಾತ್ಯ ಪಂಗಡದ್ದೇ. ಒಂದು ಪದ ಹಳೆಯ ಸಂಕೇತದಲ್ಲಿದೆಯೋ ಯೂನಿಕೋಡ್‌ನಲ್ಲಿದೆಯೋ ಎಂಬ ಅನುಮಾನ ಬಂದರೆ ಅದರ ಮೇಲೆ ಕರ್ಸರ್ ಇಟ್ಟು ಫಾಂಟಿನ ಹೆಸರನ್ನು ನೋಡಿದರೆ ಸಾಕು, ಗೊತ್ತಾಗಿಬಿಡುತ್ತದೆ.

ಕಡತ ತೆರೆಯುವಾಗಿನ ಅಪಾಯ

ಯಾವ ಕಡತವನ್ನೂ ಮುಟ್ಟುವ ಮೊದಲು ಮೂಲಗಳನ್ನೆಲ್ಲ ಬೇರೊಂದು ಕಡತಕೋಶಕ್ಕೆ ನಕಲು ಮಾಡಿ, ಆ ಕೋಶವನ್ನು ಓದುವುದಕ್ಕೆ ಮಾತ್ರ ಎಂದು ಗುರುತಿಸಿ. ವಾಡಿಕೆಯ ಎಚ್ಚರಿಕೆಯೆಂದು ಇದನ್ನು ದಾಟಿಹೋಗಬೇಡಿ. ಇದಕ್ಕೆ ಗಟ್ಟಿ ಕಾರಣವಿದೆ.

ವರ್ಡ್ ಕಡತಗಳಲ್ಲಿ ಅಪಾಯ ಕಡಿಮೆ. ಲಿಬ್ರೆಆಫೀಸ್ ಅವನ್ನು ತೆರೆದಾಗ ರೋಮನ್ ಅಕ್ಷರಗಳು ಕಂಡರೂ ಒಳಗಿನ ಸಂಕೇತಗಳು ಹಾಗೆಯೇ ಇರುತ್ತವೆ. ನಿಜವಾದ ಅಪಾಯ ಬರೀ ಪಠ್ಯದ ಕಡತಗಳಲ್ಲಿದೆ. ಅವನ್ನು ವಿಂಡೋಸ್ 1252 ಎಂಬ ಸಂಕೇತದಲ್ಲಿ ಉಳಿಸಲಾಗಿರುತ್ತದೆ. ಲಿನಕ್ಸ್‌ನ ಪಠ್ಯ ಸಂಪಾದಕಗಳು ಸಾಮಾನ್ಯವಾಗಿ ಎಲ್ಲವನ್ನೂ ಯುಟಿಎಫ್-8, ಅಂದರೆ ಯೂನಿಕೋಡನ್ನು ಬೈಟ್‌ಗಳಾಗಿ ಉಳಿಸುವ ಕ್ರಮ, ಎಂದುಕೊಂಡು ತೆರೆಯುತ್ತವೆ. ತಲೆಕಟ್ಟನ್ನು ಬರೆಯುವ ಓರೆಗೆರೆಯ ಎ ಅಕ್ಷರದ ಸಂಖ್ಯೆ 192. ಯುಟಿಎಫ್-8 ನಿಯಮದ ಪ್ರಕಾರ 192 ಎಂಬ ಬೈಟ್ ಎಲ್ಲಿಯೂ ಬರುವಂತಿಲ್ಲ. ಕನ್ನಡದಲ್ಲಿ ತಲೆಕಟ್ಟಿಲ್ಲದ ಅಕ್ಷರಗಳೇ ಕಡಿಮೆಯಾದ್ದರಿಂದ ಕಡತ ಹೆಜ್ಜೆಹೆಜ್ಜೆಗೂ ಮುರಿಯುತ್ತದೆ, ಮುರಿದ ಕಡೆಯೆಲ್ಲ ಪ್ರಶ್ನಾರ್ಥಕದ ವಜ್ರಾಕೃತಿ ಕಾಣುತ್ತದೆ. ಆ ಸ್ಥಿತಿಯಲ್ಲಿ ಉಳಿಸು ಎಂದು ಒತ್ತಿದರೆ ಮೂಲ ಸಂಕೇತಗಳು ಶಾಶ್ವತವಾಗಿ ಅಳಿಸಿಹೋಗಬಹುದು. ಸ್ಮರಣ ಸಂಚಿಕೆಯೊಂದರ ಲೇಖನಗಳನ್ನು ನಾನು ಹೀಗೆಯೇ ಕಳೆದುಕೊಂಡು, ಅಚ್ಚಾದ ಪ್ರತಿಯನ್ನು ಎದುರಿಗಿಟ್ಟುಕೊಂಡು ಮತ್ತೆ ಟೈಪ್ ಮಾಡಬೇಕಾಯಿತು.

ಸರಿಯಾದ ಕ್ರಮ ಹೀಗಿದೆ. ಲಿಬ್ರೆಆಫೀಸ್‌ನಲ್ಲಿ ಓಪನ್ ಒತ್ತಿ, ಕಡತದ ಬಗೆಯನ್ನು ಆರಿಸುವ ಪಟ್ಟಿಯಲ್ಲಿ ‘ಟೆಕ್ಸ್ಟ್, ಚೂಸ್ ಎನ್‌ಕೋಡಿಂಗ್’ ಎಂಬುದನ್ನು ಆರಿಸಿ, ಆಮೇಲೆ ಕಡತವನ್ನು ತೆರೆಯಿರಿ. ಅಕ್ಷರಸಂಕೇತ ಯಾವುದೆಂದು ಕೇಳುವ ಕಿಟಕಿ ಬರುತ್ತದೆ. ಅಲ್ಲಿ ಪಶ್ಚಿಮ ಯುರೋಪಿನ ವಿಂಡೋಸ್ 1252 ಎಂಬುದನ್ನು ಗುರುತಿಸಿ ಮುಂದುವರಿಯಿರಿ. ಪೌಂಡಿನ ಚಿಹ್ನೆಯೂ ಓರೆಗೆರೆಯ ಎ ಅಕ್ಷರವೂ ಸ್ಪಷ್ಟವಾಗಿ ಕಂಡರೆ ಕಡತ ಸುರಕ್ಷಿತವಾಗಿದೆ ಎಂದರ್ಥ. ಅಸಂಬದ್ಧವಾಗಿ ಕಾಣುವ ಆ ಸಾಲುಗಳನ್ನು ನೋಡಿ ಸಂತೋಷಪಡಬೇಕಾದ ಅಪರೂಪದ ಸಂದರ್ಭ ಇದು. ಇದೇ ಹಂತದಲ್ಲಿ ಟೂಲ್ಸ್ ಪಟ್ಟಿಯ ಆಟೋಕರೆಕ್ಟ್ ಆಯ್ಕೆಗಳಲ್ಲಿ ಪದದ ಮೊದಲ ಎರಡು ದೊಡ್ಡಕ್ಷರಗಳನ್ನು ತಿದ್ದುವ ಗುರುತನ್ನೂ ವಾಕ್ಯದ ಮೊದಲಕ್ಷರವನ್ನು ದೊಡ್ಡದು ಮಾಡುವ ಗುರುತನ್ನೂ ತೆಗೆದುಬಿಡಿ. ನುಡಿಯ ಸಂಕೇತದಲ್ಲಿ ದೊಡ್ಡ ಪಿ ಬೇರೆ, ಚಿಕ್ಕ ಪಿ ಬೇರೆ; ಲಿಬ್ರೆಆಫೀಸ್ ಇಂಗ್ಲಿಷ್ ಮೇಷ್ಟರಂತೆ ತಿದ್ದಲು ಹೊರಟರೆ ಅಕ್ಷರವೇ ಬದಲಾಗುತ್ತದೆ.

ಬರಹ ತಂತ್ರಾಂಶದ ತನ್ನದೇ ಬಗೆಯ ಕಡತಗಳಿದ್ದರೆ, ವಿಂಡೋಸ್ ಇನ್ನೂ ಕೈಯಲ್ಲಿರುವಾಗಲೇ ಬರಹದಲ್ಲಿ ತೆರೆದು ಯೂನಿಕೋಡ್ ಪಠ್ಯವಾಗಿ ರಫ್ತು ಮಾಡಿಕೊಳ್ಳುವುದು ಎಲ್ಲಕ್ಕಿಂತ ಸುಲಭ. ಶ್ರೀಲಿಪಿ, ಆಕೃತಿ, ಪ್ರಕಾಶಕ್ ಮೊದಲಾದ ಇತರ ಕನ್ನಡ ತಂತ್ರಾಂಶಗಳಲ್ಲಿ ತುಂಡುಗಳ ಜೋಡಣೆ ನುಡಿಯಂತಿರುವುದಿಲ್ಲ. ನುಡಿಗೆಂದು ಬರೆದ ಪರಿವರ್ತಕಕ್ಕೆ ಅವನ್ನು ಕೊಟ್ಟರೆ ಬರುವುದು ಕನ್ನಡ ಲಿಪಿಯ ಕಸ. ಆದ್ದರಿಂದ ಮೊದಲು ಕಡತದಲ್ಲಿರುವ ಫಾಂಟಿನ ಹೆಸರನ್ನು ಓದಿಕೊಳ್ಳಿ: ನುಡಿ ಎಂದು ಆರಂಭವಾದರೆ, ಅಥವಾ ಬಿಆರ್‌ಎಚ್ ಕನ್ನಡ ಎಂದಿದ್ದರೆ ಮುಂದಿನ ವಿಧಾನ ಅನ್ವಯಿಸುತ್ತದೆ.

ಪರಿವರ್ತನೆ

ಇಂಥ ಹಳೆಯ ಫಾಂಟುಗಳ ಪಠ್ಯವನ್ನು ಯೂನಿಕೋಡ್‌ಗೆ ತರಲು ಅರವಿಂದ ವಿ.ಕೆ. ಅವರೇ ಬರೆದಿರುವ ಆಸ್ಕಿ-ಯೂನಿಕೋಡ್ ಪರಿವರ್ತಕ ಮುಕ್ತ ತಂತ್ರಾಂಶವಾಗಿದ್ದು, ಅದರ ಮೂಲಸಂಕೇತ ಗಿಟ್‌ಹಬ್‌ನಲ್ಲಿದೆ. ಬ್ರೌಸರಿನಲ್ಲಿ ಬಳಸುವುದಾದರೆ ಹಳೆಯ ಪಠ್ಯವನ್ನು ನಕಲಿಸಿ ಒಂದು ಚೌಕದಲ್ಲಿ ಅಂಟಿಸಿ, ಇನ್ನೊಂದರಲ್ಲಿ ಬಂದದ್ದನ್ನು ಹಿಂದಕ್ಕೆ ತಂದರಾಯಿತು. ನೂರಾರು ಕಡತಗಳಿದ್ದವರು ಪೈಥಾನ್ ರೂಪವನ್ನು ತಮ್ಮ ಕಂಪ್ಯೂಟರಿನಲ್ಲೇ ಓಡಿಸಿಕೊಳ್ಳಬೇಕು. ಜನರ ಹೆಸರು ವಿಳಾಸಗಳಿರುವ ಕಡತಗಳನ್ನು, ವ್ಯಾಜ್ಯದ ಕಾಗದಗಳನ್ನು, ವೈದ್ಯಕೀಯ ದಾಖಲೆಗಳನ್ನು ಯಾರು ನಡೆಸುತ್ತಾರೆಂದು ತಿಳಿಯದ ಜಾಲತಾಣಗಳ ಚೌಕಗಳಲ್ಲಿ ಅಂಟಿಸಬಾರದು.

ಕಷ್ಟ ಬರುವುದು ಕಡತದಲ್ಲಿ ಇಂಗ್ಲಿಷೂ ಬೆರೆತಿದ್ದಾಗ. ಪರಿವರ್ತಕಕ್ಕೆ ಕಾಣುವುದು ಅಕ್ಷರಗಳು ಮಾತ್ರ, ಫಾಂಟಲ್ಲ. ನಿಜವಾದ ಇಂಗ್ಲಿಷ್ ಪದದಲ್ಲಿರುವ ಪಿ ಅಕ್ಷರವನ್ನೂ ಅದು ಕಕಾರದ ಮೈಯೆಂದೇ ತಿಳಿಯುತ್ತದೆ. ಲೇಖನದ ನಡುವಿನ ಮಿಂಚಂಚೆ ವಿಳಾಸಗಳು, ಪುಸ್ತಕದ ಹೆಸರುಗಳು ಎಲ್ಲ ಅರ್ಥವಿಲ್ಲದ ಕನ್ನಡವಾಗುತ್ತವೆ. ಇದನ್ನು ತಪ್ಪಿಸಲು ಪರಿವರ್ತನೆಗೆ ಮೊದಲೇ ಎರಡನ್ನೂ ಕಣ್ಣಿಗೆ ಬೇರ್ಪಡಿಸಿಕೊಳ್ಳಿ. ಲಿಬ್ರೆಆಫೀಸ್‌ನ ಹುಡುಕಿ ಬದಲಿಸುವ ಕಿಟಕಿಯನ್ನು ಕಂಟ್ರೋಲ್ ಹಿಡಿದು ಎಚ್ ಒತ್ತಿ ತೆರೆಯಿರಿ. ಹುಡುಕುವ ಚೌಕವನ್ನು ಖಾಲಿ ಬಿಟ್ಟು, ಇತರ ಆಯ್ಕೆಗಳ ಕೆಳಗಿರುವ ಫಾರ್ಮ್ಯಾಟ್ ಗುಂಡಿಯಿಂದ ನುಡಿ ಫಾಂಟಿನ ಹೆಸರನ್ನು ಕೊಟ್ಟು, ಎಲ್ಲವನ್ನೂ ಹುಡುಕು ಎಂದು ಒತ್ತಿ. ಆ ಫಾಂಟಿನಲ್ಲಿರುವ ಪಠ್ಯವೆಲ್ಲ ಒಮ್ಮೆಗೇ ಆಯ್ಕೆಯಾಗುತ್ತದೆ. ಅದಕ್ಕೆ ಹಳದಿ ಹಿನ್ನೆಲೆ ಬಳಿಯಿರಿ. ಈಗ ಹಳದಿಯಿರುವುದು ಕನ್ನಡ, ಇಲ್ಲದ್ದು ಇಂಗ್ಲಿಷ್. ಒಂದೊಂದು ಪ್ಯಾರಾ ಮಾಡುವಾಗ ಹಳದಿಯನ್ನಷ್ಟೇ ಪರಿವರ್ತಿಸಿದರೆ ಇಂಗ್ಲಿಷ್ ಉಳಿಯುತ್ತದೆ. ಬೇಸರದ ಕೆಲಸ ಹೌದು, ಆದರೆ ಕೆಟ್ಟುಹೋದ ಇಂಗ್ಲಿಷನ್ನು ಆಮೇಲೆ ಊಹಿಸಿ ಮರಳಿ ಬರೆಯುವುದಕ್ಕಿಂತ ಎಷ್ಟೋ ವಾಸಿ.

ಪರಿವರ್ತಿಸಿದ ಮೇಲೆ ಏನನ್ನು ನೋಡಬೇಕು

ಯಾವ ಪರಿವರ್ತಕವೂ ನೂರಕ್ಕೆ ನೂರು ಸರಿಯಾಗಿ ಕೊಡಲಾರದು, ಏಕೆಂದರೆ ಮೂಲದಲ್ಲಿ ತಪ್ಪುಗಳಿದ್ದೂ ಕಣ್ಣಿಗೆ ಕಂಡಿರಲಿಲ್ಲ. ಚಿತ್ರ ಸರಿಯಾಗಿ ಕಂಡರೆ ಸಾಕೆಂಬ ಕಾಲದಲ್ಲಿ ಟೈಪಿಸ್ಟರು ತಮಗೆ ಸುಲಭವಾದ ತುಂಡನ್ನು ಬಳಸಿದ್ದಾರೆ, ಅಚ್ಚಿನಲ್ಲಿ ಅದು ಗೊತ್ತೂ ಆಗಿಲ್ಲ. ನುಡಿಯಲ್ಲಿ ಮಕಾರವನ್ನು ವಕಾರದ ಮೈಗೆ ಕೊಂಬಿನಂಥ ತುಂಡೊಂದನ್ನು ಸೇರಿಸಿ ಬರೆಯಲಾಗುತ್ತದೆ. ‘ವು’ ಬರೆಯಲು ಇನ್ನೊಂದು ಬಗೆಯ ಕೊಂಬು. ಒಂದರ ಜಾಗದಲ್ಲಿ ಇನ್ನೊಂದು ಬಿದ್ದಿದ್ದರೆ ಕಾಗದದ ಮೇಲೆ ಓದುಗ ಸಂದರ್ಭದಿಂದ ಸರಿಯಾಗಿಯೇ ಓದಿಕೊಂಡಿರುತ್ತಾನೆ. ಯೂನಿಕೋಡ್‌ಗೆ ಬಂದಾಗ ಮಾತ್ರ ತಪ್ಪು ಎದ್ದು ಕಾಣುತ್ತದೆ.

ಯಕಾರದ ಕಥೆ ಇನ್ನೂ ಸ್ವಾರಸ್ಯದ್ದು. ಅದರ ಮೊದಲ ತುಂಡು ಅನುಸ್ವಾರದ ಸೊನ್ನೆಯೇ. ಕಳಪೆ ಪರಿವರ್ತಕಗಳು ಆ ಸೊನ್ನೆಯನ್ನು ಅನುಸ್ವಾರವೆಂದು ಬದಲಿಸಿ, ಉಳಿದ ತುಂಡುಗಳನ್ನು ಹಾಗೆಯೇ ಬಿಡುತ್ತವೆ. ಅಂತರಜಾಲದ ಹಳೆಯ ಕನ್ನಡ ಪುಟಗಳಲ್ಲಿ ಅನುಸ್ವಾರದ ಮುಂದೆ ಒಂಟಿ ಇಂಗ್ಲಿಷ್ ಐ, ಅದರ ಪಕ್ಕದಲ್ಲಿ ಓರೆಗೆರೆಯ ಎ ಕಂಡಿದ್ದರೆ ಅದು ಅರ್ಧಕ್ಕೆ ನಿಂತ ಯಕಾರ. ಅರ್ಕಾವತ್ತನ್ನೂ ಪರೀಕ್ಷಿಸಬೇಕು: ನುಡಿಯಲ್ಲಿ ಅದು ಕಣ್ಣಿಗೆ ಕಾಣುವ ಕ್ರಮದಲ್ಲೇ, ಅಂದರೆ ವ್ಯಂಜನದ ನಂತರ ಬರುತ್ತದೆ; ಯೂನಿಕೋಡ್‌ನಲ್ಲಿ ಉಚ್ಚರಿಸುವ ಕ್ರಮದಲ್ಲಿ ವ್ಯಂಜನಕ್ಕಿಂತ ಮೊದಲು ಬರಬೇಕು. ‘ಧರ್ಮ’, ‘ಕಾರ್ಯ’, ‘ವರ್ಷ’ ಎಂಬಂಥ ನಾಲ್ಕು ಪದಗಳನ್ನು ಹುಡುಕಿ ನೋಡಿದರೆ ಪರಿವರ್ತಕ ಆ ಅದಲುಬದಲನ್ನು ಸರಿಯಾಗಿ ಮಾಡಿದೆಯೇ ಎಂಬುದು ತಿಳಿಯುತ್ತದೆ.

ಅಳಿದುಳಿದ ತುಂಡುಗಳನ್ನು ಹಿಡಿಯಲು ಹುಡುಕುವ ಕಿಟಕಿಯಲ್ಲಿ ರೆಗ್ಯುಲರ್ ಎಕ್ಸ್‌ಪ್ರೆಶನ್ಸ್ ಎಂಬುದಕ್ಕೆ ಗುರುತು ಹಾಕಿ, ಈ ಸಾಲನ್ನು ಕೊಡಿ:

[^ಅ-೯ಂಃ .,0-9]

ಕನ್ನಡದ ಅಕ್ಷರ, ಕನ್ನಡದ ಅಂಕಿ, ಅನುಸ್ವಾರ, ವಿಸರ್ಗ, ಖಾಲಿ ಜಾಗ, ಪೂರ್ಣವಿರಾಮ, ಅಲ್ಪವಿರಾಮ, ಇಂಗ್ಲಿಷ್ ಅಂಕಿ ಇವು ಯಾವುವೂ ಅಲ್ಲದ್ದನ್ನು ತೋರಿಸು ಎಂದು ಇದರ ಅರ್ಥ. ಉದ್ಧರಣ ಚಿಹ್ನೆಗಳೂ ಆವರಣಗಳೂ ಕಣ್ಣಿಗೆ ಕಾಣದ ತಡೆಚಿಹ್ನೆಗಳೂ ಇದರಲ್ಲಿ ಸಿಕ್ಕಿಬೀಳುತ್ತವೆ. ಅವನ್ನು ಬಿಟ್ಟು ಮುಂದೆ ಹೋಗಿ.

ಇನ್ನು ಅನುಸ್ವಾರದ ಬದಲಿಗೆ ಕನ್ನಡದ ಸೊನ್ನೆ ಹಾಕಿರುವ ತಪ್ಪು. ‘ಬೆಂಗಳೂರು’ ಎಂಬುದೂ ‘ಬೆ೦ಗಳೂರು’ ಎಂಬುದೂ ನೋಡಲು ಒಂದೇ. ಕಂಪ್ಯೂಟರಿಗೆ ಎರಡನೆಯದು ಅಂಕಿಯೊಂದು ನಡುವೆ ಸಿಕ್ಕಿಕೊಂಡ ಪದ. ಹುಡುಕಿದರೆ ಸಿಗುವುದಿಲ್ಲ, ಅಕಾರಾದಿಯಲ್ಲಿ ಎಲ್ಲಿಗೋ ಹೋಗಿ ಕೂರುತ್ತದೆ. ಹಳೆಯ ಕಡತಗಳಲ್ಲಷ್ಟೇ ಅಲ್ಲ, ನೇರವಾಗಿ ಯೂನಿಕೋಡ್‌ನಲ್ಲಿ ಟೈಪ್ ಮಾಡಿದ ಪಠ್ಯಗಳಲ್ಲೂ ಇದು ಕಾಣುತ್ತದೆ. ಹುಡುಕುವ ಚೌಕದಲ್ಲಿ

(?<=[ಅ-ೌ])೦

ಎಂದು ಬರೆದು, ಬದಲಿಸುವ ಚೌಕದಲ್ಲಿ ಅನುಸ್ವಾರವೊಂದನ್ನೇ ಇಡಿ. ಅಕ್ಷರದ ಅಥವಾ ಗುಣಿತದ ಬೆನ್ನಿಗೆ ಬರುವ ಸೊನ್ನೆಯನ್ನು ಮಾತ್ರ ಇದು ಹಿಡಿಯುತ್ತದೆ. ‘೧೦’, ‘೨೦೦’ ಮೊದಲಾದ ಸಂಖ್ಯೆಗಳಲ್ಲಿ ಸೊನ್ನೆಯ ಹಿಂದೆ ಅಂಕಿಯಿರುವುದರಿಂದ ಅವು ಕೆಡುವುದಿಲ್ಲ. ವಿಸರ್ಗದ ಜಾಗದಲ್ಲಿ ಇಂಗ್ಲಿಷ್ ಕೋಲನ್ ಹಾಕಿ ‘ದು:ಖ’ ಎಂದು ಬರೆದಿರುವುದಕ್ಕೂ ಇಂಥದ್ದೇ ಉಪಾಯವಿದೆ: ಹುಡುಕಲು

(?<=[ಅ-ೌ]):(?=[ಕ-ಹ])

ಎಂದೂ ಬದಲಿಸಲು ವಿಸರ್ಗವನ್ನೂ ಕೊಡಿ. ಕೋಲನ್ ನಂತರ ಜಾಗ ಬಿಡದೆ ಬರೆಯುವ ಅಭ್ಯಾಸವುಳ್ಳ ಲೇಖಕರ ಬರವಣಿಗೆಯಲ್ಲಿ ‘ಸ್ಥಳ:ಮೈಸೂರು’ ಎಂಬಂಥದ್ದೂ ಇದಕ್ಕೆ ಸಿಲುಕುವುದರಿಂದ ಎಲ್ಲವನ್ನೂ ಒಮ್ಮೆಗೇ ಬದಲಿಸದೆ ಒಂದೊಂದನ್ನೂ ನೋಡಿ ಒಪ್ಪುವುದು ಒಳ್ಳೆಯದು.

ಕಾಗುಣಿತ ಪರೀಕ್ಷಕವಾಗಿ ಹನ್‌ಸ್ಪೆಲ್‌ಗೆ ಕನ್ನಡ ಪದಕೋಶವೊಂದಿದೆ. ಅದರಿಂದ ಹೆಚ್ಚೇನೂ ನಿರೀಕ್ಷಿಸಬೇಡಿ. ‘ಮನೆಯವರಿಂದಲೇ’ ಎಂಬಂತೆ ಪ್ರತ್ಯಯದ ಮೇಲೆ ಪ್ರತ್ಯಯ ಬೆಳೆಯುವ ಭಾಷೆಯಲ್ಲಿ ಪದಗಳ ಪಟ್ಟಿಯಿಂದ ಪರೀಕ್ಷೆ ಮಾಡಲು ಹೊರಟರೆ ಸರಿಯಾದ ಪದಗಳಿಗೂ ಕೆಂಪು ಗೆರೆ ಬೀಳುತ್ತದೆ. ಹಳೆಯ ಫಾಂಟಿನಲ್ಲಿ ಮೂಲವನ್ನು ಒಂದು ಕಿಟಕಿಯಲ್ಲಿ, ಯೂನಿಕೋಡ್ ಪಠ್ಯವನ್ನು ಇನ್ನೊಂದರಲ್ಲಿ ತೆರೆದಿಟ್ಟು ಒಬ್ಬರು ಓದುತ್ತ ಇನ್ನೊಬ್ಬರು ನೋಡುವ ಹಳೆಯ ಕರಡು ತಿದ್ದುವ ಪದ್ಧತಿಗೆ ಸಮನಾದದ್ದು ಇನ್ನೂ ಬಂದಿಲ್ಲ.

ಕಡತವೇ ಇಲ್ಲದಿದ್ದರೆ

ಮೂಲ ಕಳೆದುಹೋಗಿ ಪಿಡಿಎಫ್ ಮಾತ್ರ ಉಳಿದಿದ್ದರೆ ಅದರಿಂದ ಒಂದು ಸಾಲನ್ನು ನಕಲಿಸಿ ಅಂಟಿಸಿ ನೋಡಿ. ನುಡಿಯ ರೋಮನ್ ಅಕ್ಷರಗಳು ಬಂದರೆ ಅದೃಷ್ಟ, ಮೇಲಿನ ದಾರಿಯಲ್ಲೇ ಸಾಗಬಹುದು. ಏನೂ ಆಯ್ಕೆಯಾಗದಿದ್ದರೆ ಅದು ಸ್ಕ್ಯಾನ್ ಮಾಡಿದ ಚಿತ್ರ. ಆಗ ಟೆಸರಾಕ್ಟ್ ಎಂಬ ಅಕ್ಷರ ಗುರುತಿಸುವ ತಂತ್ರಾಂಶವನ್ನೂ ಅದರ ಕನ್ನಡ ದತ್ತಾಂಶವನ್ನೂ ಹಾಕಿಕೊಂಡು, ಜಿಇಮೇಜ್‌ರೀಡರ್ ಎಂಬ ಕಿಟಕಿಯ ಮೂಲಕ ಬಳಸಿ. ಎಚ್‌ಪಿ ಕಂಪನಿಯಲ್ಲಿ ಹುಟ್ಟಿ 2005ರಲ್ಲಿ ಮುಕ್ತವಾದ ಈ ತಂತ್ರಾಂಶ, 2018ರ ನಾಲ್ಕನೆಯ ಆವೃತ್ತಿಯಲ್ಲಿ ನರಜಾಲದ ವಿಧಾನಕ್ಕೆ ಬದಲಾದ ಮೇಲೆ ಕನ್ನಡದ ಅಚ್ಚನ್ನು ತಕ್ಕಮಟ್ಟಿಗೆ ಓದುತ್ತದೆ. ಸ್ಕ್ಯಾನ್ ಮಾಡುವಾಗ ಅಂಗುಲಕ್ಕೆ 300 ಚುಕ್ಕೆಗಳಿಗಿಂತ ಕಡಿಮೆಯಾಗದಂತೆ ನೋಡಿಕೊಳ್ಳಿ, ಪುಟ ಓರೆಯಾಗಿದ್ದರೆ ಮೊದಲು ನೇರ ಮಾಡಿ. ಒತ್ತಕ್ಷರಗಳು ಮೇಲಿನ ಸಾಲಿನಿಂದ ಇಳಿದು ಕೆಳಗಿನ ಸಾಲಿಗೆ ತಾಗುವಂತಿರುವ ಇಕ್ಕಟ್ಟಾದ ಹಳೆಯ ಪುಟಗಳಲ್ಲಿ ತಪ್ಪು ಹೆಚ್ಚು.

ಮುದ್ರಣಾಲಯ ಒಪ್ಪದಿದ್ದರೆ

ಯೂನಿಕೋಡ್‌ಗೆ ತಂದ ಪಠ್ಯವನ್ನು ಕೊಟ್ಟಾಗ, ತಮ್ಮ ಪುಟವಿನ್ಯಾಸದ ತಂತ್ರಾಂಶ ಹಳೆಯದಾದ್ದರಿಂದ ನುಡಿಯಲ್ಲೇ ಬೇಕು ಎಂದು ಕೇಳುವ ಮುದ್ರಕರು ಈಗಲೂ ಇದ್ದಾರೆ. ಅಂಥಲ್ಲಿಗೆ ಪಠ್ಯವನ್ನು ಕೊಡದೆ, ಪುಟಗಳನ್ನು ನೀವೇ ಕಟ್ಟಿ ಫಾಂಟ್ ಅಡಕವಾಗಿರುವ ಪಿಡಿಎಫ್ ಕೊಡುವುದು ಒಂದು ದಾರಿ. ಸ್ಕ್ರೈಬಸ್ ಎಂಬ ಮುಕ್ತ ಪುಟವಿನ್ಯಾಸ ತಂತ್ರಾಂಶದ ಸ್ಥಿರ ಆವೃತ್ತಿಗಳಲ್ಲಿ ಕನ್ನಡದಂಥ ಲಿಪಿಗಳ ಜೋಡಣೆ ಬಹುಕಾಲ ಸರಿಯಿರಲಿಲ್ಲ. 2024ರ ಜನವರಿಯಲ್ಲಿ ಬಂದ 1.6ರಿಂದ ಈಚೆಗೆ ಒತ್ತಕ್ಷರಗಳು ಸರಿಯಾಗಿ ಕೂರುತ್ತವೆ. ಹಾಗಾಗಿ ಭಂಡಾರದಲ್ಲಿರುವ ಆವೃತ್ತಿ 1.6ಕ್ಕಿಂತ ಹಳೆಯದೇ ಎಂದು ಮೊದಲು ನೋಡಿ, ಹಳೆಯದಾಗಿದ್ದರೆ ಫ್ಲಾಟ್‌ಪ್ಯಾಕ್ ಎಂಬ ಸ್ಥಾಪನಾ ವ್ಯವಸ್ಥೆಯ ಮೂಲಕ ಹೊಸದನ್ನು ಹಾಕಿಕೊಳ್ಳಿ. ಬರೀ ಪಠ್ಯವೇ ಇರುವ ಪುಸ್ತಕಕ್ಕೆ ಲಿಬ್ರೆಆಫೀಸ್ ರೈಟರ್ ಸಾಕು. ಮುದ್ರಕರು ಪಟ್ಟು ಬಿಡದಿದ್ದರೆ ಯೂನಿಕೋಡ್‌ನಿಂದ ನುಡಿಗೆ ಹಿಮ್ಮುಖವಾಗಿ ಪರಿವರ್ತಿಸುವ ಸಾಧನಗಳೂ ಇವೆ. ಹಾಗೆ ಮಾಡಿದ ಪ್ರತಿಗೆ ಕಡತದ ಹೆಸರಿನಲ್ಲೇ ಅಚ್ಚಿಗೆ ಮಾತ್ರ ಎಂದು ಬರೆದಿಡಿ, ಮತ್ತು ಕರಡಿನಲ್ಲಿ ಬಂದ ತಿದ್ದುಪಡಿಗಳನ್ನು ಅದೇ ದಿನ ಯೂನಿಕೋಡ್ ಪ್ರತಿಗೂ ಹಾಕಿಕೊಳ್ಳಿ.